ಶಿಬಿರಕ್ಕೆ ಕಳಿಸಲಾಗದ ತಾಯಿಯೊಬ್ಬರಿಗೆ

ಸುಂಟಿಕೊಪ್ಪ ಸಮೀಪದ ಕಾಫಿ ತೋಟದಲ್ಲಿ ಕೆಲಸ ಮಾಡುವ ಓದುಗರೊಬ್ಬರು ಬರೆದಿದ್ದಾರೆ: “ಮಗಳು ಎಂಟನೇ ತರಗತಿ ಮುಗಿಸಿದ್ದಾಳೆ, ಮಗ ಐದನೆಯದು. ಬೆಂಗಳೂರಿನಲ್ಲಿರುವ ಅಣ್ಣನ ಮಕ್ಕಳು ರೋಬೋಟ್ ಮಾಡುವ ಬೇಸಿಗೆ ಶಿಬಿರಕ್ಕೆ ಹೋಗುತ್ತಿದ್ದಾರೆ. ಆ ಶುಲ್ಕ ಕಟ್ಟುವ ಶಕ್ತಿ ನಮಗಿಲ್ಲ. ನಮ್ಮ ಮಕ್ಕಳು ದಿನವಿಡೀ ಮೊಬೈಲ್ ಹಿಡಿದು ಕೂರುತ್ತಾರೆ. ರಜೆ ಹಾಳಾಗದಂತೆ ಮಗಳನ್ನು ಈಗಲೇ ಒಂಬತ್ತರ ಟ್ಯೂಷನ್‌ಗೆ ಹಾಕಲೇ?”

ಸಂಪಾದಕರ ಉತ್ತರ:

ಟ್ಯೂಷನ್ ಬೇಡ, ತಾಯಿ. ಒಂಬತ್ತರ ಪಾಠ ಶಾಲೆ ತೆರೆದ ಮೇಲೆ ಹೇಗೂ ಶುರುವಾಗುತ್ತದೆ. ಎಂಟರ ಗಣಿತದಲ್ಲಿ ಎಲ್ಲಾದರೂ ತಡವರಿಸುತ್ತಿದ್ದರೆ ದಿನಕ್ಕೆ ಅರ್ಧ ಗಂಟೆ ಅದಕ್ಕಿಟ್ಟರೆ ಸಾಕು. ಶಿಬಿರಕ್ಕೆ ಕಳಿಸಲಾಗಲಿಲ್ಲವೆಂಬ ಕೊರಗನ್ನೂ ಬಿಟ್ಟುಬಿಡಿ. ಶಿಬಿರಗಳು ಕೆಟ್ಟವೆಂದು ನಾನು ಹೇಳುವುದಿಲ್ಲ. ಆದರೆ ಒಂದೇ ವಿಷಯದ ಬೆನ್ನು ಹತ್ತಿ, ದಿನಾ ಅದನ್ನೇ ನೋಡಿ, ಬರೆದಿಡುವಷ್ಟು ಬಿಡುವು ಮಕ್ಕಳಿಗೆ ಸಿಗುವುದು ರಜೆಯಲ್ಲಿ ಮಾತ್ರ. ಕೊಡಗಿನಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ದೊಡ್ಡವರೆಲ್ಲ ಮಾತಾಡುವುದು ಮಳೆಯ ಬಗ್ಗೆಯೇ. ನಿಮ್ಮ ಮಗಳು ಅದನ್ನೇ ಹಿಡಿಯಲಿ.

ನೇರ ಮೈಯ ಎರಡು ಲೀಟರಿನ ಖಾಲಿ ಬಾಟಲಿಯೊಂದರ ಕತ್ತಿನ ಭಾಗವನ್ನು ಕತ್ತರಿಸಿ, ಅದನ್ನೇ ತಲೆಕೆಳಗಾಗಿ ಆಲಿಕೆಯಂತೆ ಒಳಗೆ ಕೂರಿಸಿ. ಬಾಟಲಿಯ ತಳ ಏರುಪೇರಾಗಿರುತ್ತದೆ. ಆದ್ದರಿಂದ ನಾಲ್ಕು ಬೆಣಚುಕಲ್ಲು ಹಾಕಿ, ನೇರ ಭಾಗ ಶುರುವಾಗುವವರೆಗೆ ನೀರು ತುಂಬಿ, ಅಲ್ಲಿ ಸೊನ್ನೆಯ ಗೆರೆ ಎಳೆಯಬೇಕು. ಅಲ್ಲಿಂದ ಮೇಲಕ್ಕೆ ಸ್ಕೇಲಿನ ಮಿಲಿಮೀಟರ್ ಗುರುತು. ಮರ, ಸೂರುಗಳಿಂದ ದೂರ, ಬಯಲಲ್ಲಿಟ್ಟು ಗಾಳಿಗೆ ಉರುಳದಂತೆ ಸುತ್ತ ಕಲ್ಲು ಒತ್ತಿಡಿ. ಹವಾಮಾನ ಇಲಾಖೆಯವರು ಲೆಕ್ಕ ತೆಗೆಯುವುದು ಬೆಳಿಗ್ಗೆ 8.30ಕ್ಕೆ. ಅವಳೂ ಅದೇ ಹೊತ್ತಿಗೆ ನೋಡಿ ಬರೆದು, ಮತ್ತೆ ಸೊನ್ನೆಯ ಗೆರೆಗೆ ತರಲಿ. ಮಳೆ ಬಾರದ ದಿನ ಸೊನ್ನೆ ಎಂದು ಬರೆಯುವುದನ್ನು ಮಾತ್ರ ಬಿಡಬಾರದು.

ಆಮೇಲೆ ಲೆಕ್ಕಕ್ಕೆ ಕೂರಿಸಿ. ಒಂದು ಚದರ ಮೀಟರ್ ಜಾಗದಲ್ಲಿ ಒಂದು ಮಿ.ಮೀ. ಮಳೆ ಬಿದ್ದರೆ ಒಂದು ಲೀಟರ್ ನೀರು. ತೋಟದ ಲೆಕ್ಕ ಬರೆಯುವ ರೈಟರ್ ಮಳೆಯನ್ನು ಇಂಚು, ಸೆಂಟು ಎನ್ನುತ್ತಾರಲ್ಲ, ಅದು ಜಾಗದ ಸೆಂಟಲ್ಲ; ಮಳೆಯ ನೂರು ಸೆಂಟಿಗೆ ಒಂದು ಇಂಚು, ಅಂದರೆ 25.4 ಮಿ.ಮೀ. ಒಂದು ಎಕರೆಗೆ ಒಂದು ಇಂಚು ಮಳೆಯಾದರೆ ಬಿದ್ದ ನೀರು ಒಂದು ಲಕ್ಷ ಲೀಟರ್ ದಾಟುತ್ತದೆ! ಇದನ್ನು ನಾನು ಹೇಳಿದ್ದೇನೆಂದು ಅವಳು ನಂಬಬೇಕಿಲ್ಲ, ತಾನೇ ಗುಣಿಸಿ ನೋಡಲಿ. ರೈಟರ್ ಒಪ್ಪಿದರೆ ಹಳೆಯ ವರ್ಷಗಳ ಮಳೆ ಪುಸ್ತಕ ತೋರಿಸಲು ಕೇಳಿ. ಯಾವ ವರ್ಷ ಹೂಮಳೆ, ಅಂದರೆ ಕಾಫಿ ಹೂ ಅರಳಿಸುವ ಮಳೆ, ಯಾವ ತಾರೀಕಿಗೆ ಬಂತು ಎಂದು ಬರೆದುಕೊಳ್ಳಲಿ. ಕುಶಾಲನಗರದಲ್ಲೋ ಭಾಗಮಂಡಲದಲ್ಲೋ ನೆಂಟರ ಮಕ್ಕಳಿದ್ದರೆ ಅವರೂ ಒಂದೊಂದು ಬಾಟಲಿ ಇಡಲಿ. ಬೇಸಿಗೆಯ ಗುಡುಗು ಮಳೆ ಒಂದೂರಲ್ಲಿ ಸುರಿದು ಪಕ್ಕದೂರನ್ನು ಬಿಟ್ಟುಹೋಗುತ್ತದೆ. ಜೂನ್‌ನಲ್ಲಿ ಮುಂಗಾರು ಹಿಡಿದ ಮೇಲೆ ನೋಡಿ: ಘಟ್ಟದ ಅಂಚಿನ ಭಾಗಮಂಡಲದ ಬಾಟಲಿ ತುಂಬುತ್ತಿದ್ದರೆ, ಪೂರ್ವದ ಕುಶಾಲನಗರದ ಬಾಟಲಿಯಲ್ಲಿ ಅದರ ಅರ್ಧವೂ ಇರುವುದಿಲ್ಲ. ಭೂಗೋಳದಲ್ಲಿ ಮಳೆನೆರಳು ಎಂದು ಓದುವುದು ಇದನ್ನೇ.

ಮಗ ಚಿಕ್ಕವನು, ಅವನಿಗೆ ರೊಬಸ್ಟಾ ಕಾಫಿ ಗಿಡದ ಒಂದೇ ಒಂದು ಕೊಂಬೆ ಸಾಕು. ಮೇಸ್ತ್ರಿಯನ್ನು ಕೇಳಿ ಒಂದು ಬಣ್ಣದ ದಾರ ಕಟ್ಟಲಿ, ವಾರಕ್ಕೊಮ್ಮೆ ಗೆಣ್ಣು ಗೆಣ್ಣಿನಲ್ಲೂ ನಿಂತ ಎಳೆಗಾಯಿ ಎಣಿಸಲಿ. ಇನ್ನೊಂದು ಜಾತಿಯ ಕಾಫಿ ಅರೇಬಿಕಾ ತನ್ನದೇ ಪರಾಗದಿಂದ ಕಾಯಿ ಕಟ್ಟಬಲ್ಲದು, ರೊಬಸ್ಟಾಕ್ಕೆ ಬೇರೆ ಗಿಡದ ಪರಾಗವೇ ಬೇಕು. ಅದನ್ನು ತಂದುಕೊಡುವುದು ಗಾಳಿ ಮತ್ತು ಜೇನು. ಎಷ್ಟು ಕಾಯಿ ಉದುರಿತು, ಏಕೆ ಎಂದು ಅವನು ಕೇಳಿದರೆ ಗೊತ್ತಿರುವಷ್ಟು ಹೇಳಿ, ಉಳಿದದ್ದಕ್ಕೆ ಶಾಲೆಯ ಮೇಷ್ಟ್ರಿದ್ದಾರೆ.

ಅವನಿಗೆ ಆಟದ ಹುಚ್ಚಿದ್ದರೆ ಕೊಡವ ಕುಟುಂಬಗಳ ಹಾಕಿ ಪಂದ್ಯಾವಳಿ ನಡೆಯುವ ಕಾಲವೂ ಇದೇ. 1997ರಲ್ಲಿ ಕರಡದಲ್ಲಿ ಶುರುವಾದದ್ದು. 360 ತಂಡಗಳ ನಾಕೌಟ್‌ನಲ್ಲಿ ಒಟ್ಟು ಎಷ್ಟು ಪಂದ್ಯ ಎಂದು ಕೇಳಿ. ಪ್ರತಿ ಪಂದ್ಯಕ್ಕೂ ಒಂದು ತಂಡ ಮನೆಗೆ ಹೋಗುತ್ತದೆ ಎಂಬುದಷ್ಟೇ ಸುಳಿವು.

ಓದಲು ಗ್ರಾಮ ಪಂಚಾಯಿತಿಯ ಗ್ರಂಥಾಲಯಕ್ಕೆ, ಅಂದರೆ ಅರಿವು ಕೇಂದ್ರಕ್ಕೆ ಕಳಿಸಿ. ಮಕ್ಕಳಿಗೆ ಸದಸ್ಯತ್ವ ಉಚಿತ. ಬೇಸಿಗೆ ಶಿಬಿರ ನಡೆಸುವ ಪಂಚಾಯಿತಿಗಳೂ ಇವೆ, ವಿಚಾರಿಸಿ ನೋಡಿ.

ಇನ್ನು ಎರಡು ಮಾತು, ಇವನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ಬೇಸಿಗೆಯಲ್ಲಿ ಹೊಳೆ ಬತ್ತಿದಂತೆ ಕಂಡರೂ ಗುಂಡಿಗಳಲ್ಲಿ ಆಳ ಹಾಗೇ ಇರುತ್ತದೆ. ಈಜು ಬಲ್ಲ ದೊಡ್ಡವರಿಲ್ಲದೆ ಮಕ್ಕಳು ನೀರಿಗಿಳಿಯಬಾರದು. ಕಾಡಾನೆ ಓಡಾಡುವ ತೋಟವಾದರೆ ನಸುಕಿನಲ್ಲಿ, ಮುಸ್ಸಂಜೆಯಲ್ಲಿ ಕೊಂಬೆ ನೋಡಲು ಹೋಗುವುದು ಬೇಡ. ಬಿಸಿಲೇರಿದ ಮೇಲೆ, ನೀವು ಕೆಲಸ ಮಾಡುವ ಕಡೆಗೇ ಜೊತೆಯಲ್ಲಿ ಬರಲಿ.

ಮಗಳ ಮಳೆ ಲೆಕ್ಕವನ್ನು ಜೂನ್ ಮೊದಲ ವಾರ ನಮಗೆ ಕಳಿಸಿಕೊಡಿ. ಅವಳೇ ಬರೆದ ನಾಲ್ಕು ಸಾಲಿನೊಂದಿಗೆ ಪತ್ರಿಕೆಯಲ್ಲಿ ಅಚ್ಚು ಹಾಕುತ್ತೇವೆ.