ಹಳೆ ವಿದ್ಯಾರ್ಥಿಗಳ ಸಂಘಕ್ಕೆ ಚುನಾವಣೆ ಮಾಡಬೇಕು, ಆದರೆ ನಿಲ್ಲುವವರೇ ಇಲ್ಲ. ಏನು ಮಾಡೋದು?

ನಿಮ್ಮ ಪ್ರಶ್ನೆ ಓದಿ ನಗು ಬಂತು, ಬೇಜಾರು ಮಾಡಿಕೊಳ್ಳಬೇಡಿ. ಬೆಂಗಳೂರಿನ ಕಾಲೇಜು, ನೋಂದಣಿಯಾದ ಸಂಘ, ಒಂಬತ್ತು ವರ್ಷದಿಂದ ಅದೇ ಅಧ್ಯಕ್ಷರು. ಈ ಸಲ ಓಟು ಹಾಕಿಸಲೇಬೇಕು ಅಂತ ಕೆಲವರು, ‘ಸುಮ್ನೆ ಯಾಕೆ ಜಗಳ, ಒಮ್ಮತದಿಂದ ಆರಿಸೋಣ’ ಅಂತ ಉಳಿದವರು. ನಿಲ್ಲೋಕೆ ಮಾತ್ರ ಎರಡೂ ಕಡೆಯಿಂದ ಒಬ್ಬರೂ ಇಲ್ಲ. ಕಾಲೇಜಿನ ಹೆಸರು ಬದಲಾಯಿಸಿದರೆ ಇದು ನಮ್ಮ ಸಂಘದ್ದೇ ಕಥೆ. ನಾನು ಅಲ್ಲಿ ಎರಡು ಸಲ ಚುನಾವಣಾಧಿಕಾರಿ ಆಗಿದ್ದೆ. ಮೊದಲ ಸಲ ಕೆಡಿಸಿದೆ. ಎರಡನೇ ಸಲ ಸ್ವಲ್ಪ ಮಟ್ಟಿಗೆ ಸರಿ ಮಾಡಿದೆ.

ಕೆಡಿಸಿದ್ದನ್ನೇ ಮೊದಲು ಹೇಳುತ್ತೇನೆ.

ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ ಸರ್ವಸದಸ್ಯರ ಸಭೆ, ಕಾಲೇಜಿನ ಸೆಮಿನಾರ್ ಹಾಲ್‌ನಲ್ಲಿ. ಹನ್ನೊಂದಕ್ಕೆ ಇದ್ದವರು ಹದಿನಾಲ್ಕು ಜನ. ಕೋರಂ (ಸಭೆಗೆ ಬೇಕಾದ ಕನಿಷ್ಠ ಹಾಜರಿ) ಇಲ್ಲ ಅಂತ ಬೈಲಾ, ಅಂದರೆ ಸಂಘದ ನಿಯಮಾವಳಿ, ಪ್ರಕಾರ ಅರ್ಧ ಗಂಟೆ ಮುಂದೂಡಿದೆವು. ಆ ಅರ್ಧ ಗಂಟೆಯಲ್ಲಿ ಚೌಚೌ ಬಾತ್, ಕಾಫಿ ಆಯಿತು. ಹನ್ನೊಂದೂವರೆಗೆ ಅದೇ ಜನ, ಜೊತೆಗೆ ಇನ್ನೊಂದು ಇಪ್ಪತ್ತು ಮಂದಿ. ‘ಅಧ್ಯಕ್ಷ ಸ್ಥಾನಕ್ಕೆ ಯಾರಾದರೂ?’ ಅಂತ ಕೇಳಿದೆ. ಎಲ್ಲರೂ ತಟ್ಟೆ ನೋಡಿಕೊಂಡರು. ಹಿಂದಿನ ಸಾಲಿನಿಂದ ಒಬ್ಬರು, ‘ಸಾರ್ ಅವರೇ ಮುಂದುವರಿಯಲಿ’ ಅಂದರು. ಚಪ್ಪಾಳೆ. ಕಾರ್ಯದರ್ಶಿ? ‘ಅವರೂ ಮುಂದುವರಿಯಲಿ.’ ಚಪ್ಪಾಳೆ. ಖಜಾಂಚಿ ಹುದ್ದೆಗೆ ಮಾತ್ರ ಹೊಸಬರು ಬೇಕಿತ್ತು. ಹಳಬರು ಅಮೆರಿಕಕ್ಕೆ ಹೋಗಿ ಕೂತಿದ್ದರು. ಯಾರೋ ಒಬ್ಬರ ಹೆಸರು ಹೇಳಿದರು. ಆ ಮನುಷ್ಯ ಸಭೆಯಲ್ಲೇ ಇರಲಿಲ್ಲ! ಆದರೂ ಚಪ್ಪಾಳೆ ಬಿತ್ತು. ಇಡೀ ಚುನಾವಣೆ ಏಳು ನಿಮಿಷದಲ್ಲಿ ಮುಗಿಯಿತು. ನಡಾವಳಿ ಪುಸ್ತಕದಲ್ಲಿ ನಾನೇ ‘ಎಲ್ಲರೂ ಅವಿರೋಧವಾಗಿ ಆಯ್ಕೆಯಾದರು’ ಅಂತ ಬರೆದೆ.

ಆಯ್ಕೆಯಾದ ಖಜಾಂಚಿಗೆ ಸಂಜೆ ಫೋನ್ ಮಾಡಿ ಅಭಿನಂದನೆ ಹೇಳಿದಾಗ ಅವರು, ‘ಯಾವುದಕ್ಕೆ ಸಾರ್?’ ಅಂದರು. ಮುಂದೆ ಅವರು ಬ್ಯಾಂಕಿಗೆ ಸಹಿ ಹಾಕೋಕೆ ಬರಲೇ ಇಲ್ಲ. ಹಳೇ ಖಜಾಂಚಿಯ ಸಹಿ ನಡೆಯೋದಿಲ್ಲ, ಹೊಸಬರ ಕೆವೈಸಿ ಆಗಿಲ್ಲ. ಸಂಘದ ಖಾತೆಯಲ್ಲಿ ದುಡ್ಡಿತ್ತು, ಆದರೆ ಇಬ್ಬರು ಬಡ ವಿದ್ಯಾರ್ಥಿಗಳ ಫೀಸು ಕಟ್ಟೋಕೆ ಆಗಲಿಲ್ಲ. ಕೊನೆಗೆ ನಾವು ನಾಲ್ಕು ಜನ ಕೈಯಿಂದ ಹಾಕಿ ಕಟ್ಟಿದೆವು. ಏಳು ನಿಮಿಷದ ಚುನಾವಣೆಯ ಖರ್ಚು ಅದು.

ಹಾಗಾಗಿ ‘ಅವಿರೋಧ’ ಅನ್ನೋ ಮಾತು ಕೇಳಿದರೆ ನನಗೆ ಈಗ ಸ್ವಲ್ಪ ಭಯ. ನಮ್ಮ ಕಡೆ ಅದನ್ನು ದೊಡ್ಡ ಗೌರವ ಅಂದುಕೊಳ್ಳುತ್ತಾರೆ. ಹಾಲಿನ ಡೇರಿಯಿಂದ ಹಿಡಿದು ಅಪಾರ್ಟ್‌ಮೆಂಟ್ ಸಂಘದವರೆಗೆ, ಅವಿರೋಧವಾಗಿ ಬಂದವರಿಗೆ ಹಾರ ಜಾಸ್ತಿ. ಆದರೆ ಸಂಬಳವಿಲ್ಲದ ಕೆಲಸದಲ್ಲಿ ಅವಿರೋಧ ಅಂದರೆ ಬಹಳ ಸಲ ‘ಬೇರೆ ಯಾರಿಗೂ ಬೇಡವಾಗಿತ್ತು’ ಅಂತಲೇ ಅರ್ಥ.

ಈಗ ನಿಮ್ಮ ಮುಖ್ಯ ಪ್ರಶ್ನೆಗೆ ಬರುತ್ತೇನೆ. ನಿಲ್ಲುವವರು ಯಾಕೆ ಇಲ್ಲ? ಜನರಿಗೆ ಆಸಕ್ತಿ ಇಲ್ಲ ಅಂತ ನೀವು ಬರೆದಿದ್ದೀರಿ. ನಾನು ಒಪ್ಪಲ್ಲ. ಕಾಲೇಜಿನ ಹೆಸರು ಹೇಳಿದರೆ ಕಣ್ಣರಳಿಸುವ ಜನ ಎಷ್ಟೊಂದಿದ್ದಾರೆ, ಅಲ್ವಾ? ಅವರಿಗೆ ಗೊತ್ತಿಲ್ಲದೆ ಇರೋದು ಒಂದೇ: ಆ ಕುರ್ಚಿಯಲ್ಲಿ ಕೂತರೆ ಎಷ್ಟು ಹೊತ್ತು ಹೋಗುತ್ತೆ, ಯಾವಾಗ ಎದ್ದು ಬರಬಹುದು ಅಂತ. ಒಂಬತ್ತು ವರ್ಷದಿಂದ ಒಬ್ಬರೇ ಕೂತಿದ್ದಾರೆ ಅಂದರೆ ನೋಡುವವರಿಗೆ ಅನ್ನಿಸೋದೇನು? ಒಳಗೆ ಹೋದರೆ ಹೊರಗೆ ಬರೋ ದಾರಿ ಇಲ್ಲ ಅಂತ.

ಎರಡನೇ ಸಲ ನಾವು ಹುದ್ದೆಗಳ ಹೆಸರು ಹೇಳುವುದನ್ನೇ ಬಿಟ್ಟೆವು. ಕೆಲಸ ಬರೆದೆವು. ಖಜಾಂಚಿ ಅಂದರೆ ತಿಂಗಳಿಗೆ ನಾಲ್ಕು ಗಂಟೆ, ಮಾರ್ಚ್ ಮುಗಿದ ಮೇಲೆ ಎರಡು ಭಾನುವಾರ, ಆಡಿಟರ್ ಹತ್ತಿರ ಎರಡು ಸಲ ಓಡಾಟ, ಬ್ಯಾಂಕಿಗೆ ಒಂದು ಸಲ ಖುದ್ದಾಗಿ. ಕಾರ್ಯದರ್ಶಿ ಅಂದರೆ ನೋಟಿಸ್, ನಡಾವಳಿ, ಪ್ರಿನ್ಸಿಪಾಲರ ಜೊತೆ ಮಾತು, ಮತ್ತು ವಾಟ್ಸಾಪ್ ಗುಂಪಿನ ಜಗಳ ಬಿಡಿಸೋದು. (ಕೊನೆಯದನ್ನು ತಮಾಷೆಗೆ ಬರೆದೆವು. ಹೆಚ್ಚು ಸಮಯ ತಿಂದಿದ್ದು ಅದೇ.) ಪ್ರತಿ ಕೆಲಸದ ಕೆಳಗೆ ‘ಎರಡು ವರ್ಷ, ಅದೇ ಹುದ್ದೆಗೆ ಸತತ ಎರಡು ಅವಧಿಗಿಂತ ಜಾಸ್ತಿ ಇಲ್ಲ’ ಅಂತ ಹಾಕಿದೆವು. ಹೀಗೆ ಮಿತಿ ಹಾಕೋಕೆ ಬೈಲಾ ತಿದ್ದಬೇಕಾಯಿತು. ಅದಕ್ಕೆ ಒಂದು ವರ್ಷ ಮೊದಲೇ ಶುರು ಮಾಡಿದ್ದೆವು.

ಆಮೇಲೆ ಎಲ್ಲರಿಗೂ ಒಂದೇ ಮೆಸೇಜ್ ಕಳಿಸಲಿಲ್ಲ. ‘ಆಸಕ್ತರು ಸಂಪರ್ಕಿಸಿ’ ಅಂದರೆ ಯಾರೂ ಸಂಪರ್ಕಿಸಲ್ಲ. ಹದಿನೆಂಟು ಜನರಿಗೆ ಒಬ್ಬೊಬ್ಬರಿಗೇ ಫೋನ್ ಮಾಡಿದೆವು. ‘ನೀವು ಬೆಳ್ಳಿಹಬ್ಬದ ದಿನ ಊಟದ ಲೆಕ್ಕ ಪೈಸೆ ಪೈಸೆ ಕೊಟ್ಟಿರಿ, ಖಜಾಂಚಿ ಹುದ್ದೆಗೆ ನಾಮಪತ್ರ ಹಾಕ್ತೀರಾ?’ ಹೀಗೆ ಯಾಕೆ ಅವರೇ ಅಂತ ಹೇಳಿ ಕೇಳಿದಾಗ ಹನ್ನೊಂದು ಜನ ಒಪ್ಪಿದರು. ಸಮಿತಿಯಲ್ಲಿ ಇದ್ದದ್ದು ಏಳು ಸ್ಥಾನ. ಅಲ್ಲಿಗೆ ಚುನಾವಣೆ ತಾನಾಗೇ ಹುಟ್ಟಿಕೊಂಡಿತು. ಒಪ್ಪಿದವರಲ್ಲಿ ಐದು ಹೆಣ್ಣುಮಕ್ಕಳು. ಅಲ್ಲಿಯವರೆಗೆ ನಮ್ಮ ಸಮಿತಿಯಲ್ಲಿ ಒಬ್ಬರೂ ಇರಲಿಲ್ಲ. ಯಾಕಿರಲಿಲ್ಲ ಅಂದರೆ ಯಾರೂ ಕೇಳಿರಲಿಲ್ಲ, ಅಷ್ಟೇ.

ಮತದಾರರ ಪಟ್ಟಿ. ಇದು ಬೋರಿಂಗ್ ಕೆಲಸ, ಆದರೆ ಜಗಳ ಎಲ್ಲ ಹುಟ್ಟೋದು ಇಲ್ಲೇ. ನಮ್ಮ ಸದಸ್ಯತ್ವದ ರಿಜಿಸ್ಟರ್ ಒಂದು ಉದ್ದನೆ ಲೆಡ್ಜರ್ ಪುಸ್ತಕ. ಅದರ ಅರ್ಧ ಹೆಸರುಗಳ ಮುಂದೆ ಏಳಂಕಿಯ ಲ್ಯಾಂಡ್‌ಲೈನ್ ನಂಬರ್. ಕೆಲವರು ತೀರಿಕೊಂಡು ಎಷ್ಟೋ ವರ್ಷ ಆಗಿತ್ತು. ಒಬ್ಬರ ಹೆಸರು ಮೂರು ಸಲ ಇತ್ತು, ಮೂರು ಬೇರೆ ಬೇರೆ ಇನಿಷಿಯಲ್ ಜೊತೆ. ಆಜೀವ ಸದಸ್ಯರಿಗೆ ಓಟು ಇದೆಯಾ, ವಾರ್ಷಿಕ ಚಂದಾ ಬಾಕಿ ಇರುವವರಿಗೆ ಇದೆಯಾ, ಕಾಲೇಜಿನ ಹಳೇ ಮೇಷ್ಟ್ರಿಗೆ ಇದೆಯಾ, ಡಿಗ್ರಿ ಮುಗಿಸದೆ ಬಿಟ್ಟವರಿಗೆ ಇದೆಯಾ? ಇದನ್ನೆಲ್ಲ ಬೈಲಾ ನೋಡಿ ಮೊದಲೇ ಬರೆದಿಡಿ. ಪಟ್ಟಿಯನ್ನು ಚುನಾವಣೆಗೆ ಒಂದು ತಿಂಗಳು ಮುಂಚೆ ಸದಸ್ಯರ ಮುಂದಿಡಿ, ಆಕ್ಷೇಪಣೆಗೆ ಹತ್ತು ದಿನ ಕೊಡಿ, ಆಮೇಲೆ ಮುಚ್ಚಿಬಿಡಿ. ಚುನಾವಣೆಯ ಹಿಂದಿನ ವಾರ ಒಂದೇ ಬ್ಯಾಚಿನ ಅರವತ್ತು ಜನ ಒಟ್ಟಿಗೆ ಸದಸ್ಯರಾಗೋಕೆ ಬರುತ್ತಾರೆ. ಕಾಲೇಜಿನ ಮೇಲಿನ ಪ್ರೀತಿ ಇದ್ದಕ್ಕಿದ್ದ ಹಾಗೆ ಉಕ್ಕಿದ್ದೇನಲ್ಲ ಅದು.

ಬ್ಯಾಚ್ ಅಂದಾಗ ಓಟು ಎಣಿಸುವ ವಿಷಯ ಹೇಳಬೇಕು. ಕಾಲೇಜಿನ ಸಂಘದಲ್ಲಿ ಜಾತಿ, ಪಕ್ಷ ಎಲ್ಲಕ್ಕಿಂತ ಮೊದಲು ಬ್ಯಾಚ್. ಒಂದು ದೊಡ್ಡ ಬ್ಯಾಚ್ ಸೇರಿಕೊಂಡರೆ ಏಳಕ್ಕೆ ಏಳೂ ಸ್ಥಾನ ಅವರದ್ದೇ. ನಮಗೆ ಪರಿಹಾರ ಹೊಳೆದಿದ್ದು ಪದವೀಧರ ಕ್ಷೇತ್ರದಿಂದ. ನಮ್ಮ ವಿಧಾನ ಪರಿಷತ್ತಿನ 75 ಸ್ಥಾನಗಳಲ್ಲಿ 7 ಪದವೀಧರರದ್ದು. ಬೆಂಗಳೂರಿಗೂ ಒಂದು ಪದವೀಧರ ಕ್ಷೇತ್ರ ಇದೆ. ಅಲ್ಲಿ ಓಟು ಹಾಕಿದವರಿಗೆ ಗೊತ್ತಿರುತ್ತೆ, ಗುಂಡಿ ಒತ್ತೋದಲ್ಲ. ಅವರೇ ಕೊಡುವ ನೇರಳೆ ಬಣ್ಣದ ಪೆನ್ನಲ್ಲಿ ಹೆಸರಿನ ಮುಂದೆ 1, 2, 3 ಅಂತ ಬರೆಯಬೇಕು. ಪ್ರಾಶಸ್ತ್ಯದ ಮತ ಅನ್ನುತ್ತಾರೆ. ಹಳೆ ವಿದ್ಯಾರ್ಥಿಗಳು ಅಂದರೆ ಬಹುತೇಕ ಪದವೀಧರರೇ ತಾನೇ, ವಿಧಾನ ಗೊತ್ತಿರುವವರು ಸಾಕಷ್ಟು ಜನ ಸಿಕ್ಕರು.

ಒಂದೇ ಹುದ್ದೆಗೆ ಮೂವರು ನಿಂತರೆ ಹೀಗೆ: ಮೊದಲ ಪ್ರಾಶಸ್ತ್ಯ ಎಣಿಸಿ. ಅರ್ಧಕ್ಕಿಂತ ಜಾಸ್ತಿ ಯಾರಿಗೂ ಬರದಿದ್ದರೆ, ಕಡಿಮೆ ಬಂದವರನ್ನು ತೆಗೆದು ಅವರ ಓಟುಗಳಲ್ಲಿ 2 ಅಂತ ಯಾರಿಗೆ ಬರೆದಿದ್ದಾರೋ ಅವರಿಗೆ ಹಾಕಿ. ಸಮಿತಿಯ ಸದಸ್ಯ ಸ್ಥಾನಗಳಿಗೆ ರಾಜ್ಯಸಭೆಗೆ ಮಾಡುವ ಹಾಗೆ ಕೋಟಾ, ಅಂದರೆ ಗೆಲ್ಲೋಕೆ ಬೇಕಾದ ಓಟಿನ ಲೆಕ್ಕ. ಐದು ಸ್ಥಾನ ಇದ್ದರೆ, ಬಿದ್ದ ಓಟನ್ನು ಆರರಿಂದ ಭಾಗಿಸಿ, ಬಂದ ಪೂರ್ಣ ಸಂಖ್ಯೆಗೆ ಒಂದು ಕೂಡಿಸಿ. 300 ಓಟು ಬಿದ್ದರೆ ಕೋಟಾ 51. ಅಷ್ಟು ಬಂದವರು ಗೆದ್ದ ಹಾಗೆ. ಹೀಗೆ ಮಾಡಿದರೆ 120 ಓಟಿರುವ ಬ್ಯಾಚ್ ಎರಡು ಸ್ಥಾನ ಗೆಲ್ಲಬಹುದು, ಐದೂ ಗೆಲ್ಲೋಕಾಗಲ್ಲ. ಎಣಿಕೆ ಸ್ವಲ್ಪ ತಲೆ ತಿನ್ನುತ್ತೆ. ನಮ್ಮಲ್ಲಿ ಗಣಿತದ ನಿವೃತ್ತ ಮೇಷ್ಟ್ರೊಬ್ಬರು ಬೋರ್ಡಿನ ಮೇಲೆ ಚಾಕ್‌ಪೀಸ್ ಹಿಡಿದು ಎಣಿಸಿದರು. ನಲವತ್ತು ವರ್ಷದ ಹಿಂದೆ ಅವರ ಕ್ಲಾಸಿಗೆ ಚಕ್ಕರ್ ಹೊಡೆದವರೆಲ್ಲ ಅವತ್ತು ಮುಂದಿನ ಬೆಂಚಲ್ಲಿ ಕೂತಿದ್ದರು.

ಒಬ್ಬರೇ ನಿಂತ ಹುದ್ದೆಗೆ ಏನು ಮಾಡೋದು ಅಂತ ಕೇಳಬಹುದು. ಅದಕ್ಕೂ ಓಟು ಹಾಕಿಸಿ, ಬೇಕು–ಬೇಡ ಅಂತ. ಅತಿ ಅನ್ನಿಸಬಹುದು, ನಮ್ಮಲ್ಲೂ ಕೆಲವರು ನಕ್ಕರು. ಆದರೆ ಇನ್ನೂರು ಜನ ಹೆಸರು ನೋಡಿ ‘ಬೇಕು’ ಅಂದ ಖಜಾಂಚಿ ಮಾರನೇ ವಾರ ಬ್ಯಾಂಕಿಗೆ ಹೋಗುತ್ತಾರೆ. ಬರೀ ಚಪ್ಪಾಳೆಯಿಂದ ಆದವರು ಹೋಗಲಿಲ್ಲ, ನೋಡಿದೆವಲ್ಲ.

ಆನ್‌ಲೈನ್ ಬಗ್ಗೆ. ನಿಮ್ಮ ಅರ್ಧ ಸದಸ್ಯರು ಹೊರದೇಶದಲ್ಲಿದ್ದಾರೆ ಅಂದಿರಿ. ಇಲ್ಲಿ ಭಾನುವಾರ ಬೆಳಿಗ್ಗೆ ಹನ್ನೊಂದು ಅಂದರೆ ಕ್ಯಾಲಿಫೋರ್ನಿಯಾದಲ್ಲಿ ಶನಿವಾರ ರಾತ್ರಿ ಹತ್ತೂವರೆ, ಚಳಿಗಾಲದಲ್ಲಾದರೆ ಒಂಬತ್ತೂವರೆ. ಸಭೆ ಹೊತ್ತಿಗೇ ಓಟು ಅಂತ ಇಟ್ಟುಕೊಳ್ಳಬೇಡಿ, ಮೂರು ದಿನ ತೆರೆದಿಡಿ. ಗೂಗಲ್ ಫಾರ್ಮ್ ಮಾತ್ರ ಬೇಡ. ಇಮೇಲ್ ಕೇಳಿದರೆ ಯಾರು ಯಾರಿಗೆ ಹಾಕಿದರು ಅಂತ ಫಾರ್ಮ್ ಮಾಡಿದವರಿಗೆ ಕಾಣುತ್ತೆ, ಕೇಳದಿದ್ದರೆ ಒಬ್ಬರೇ ಬೇರೆ ಬೇರೆ ಖಾತೆಯಿಂದ ಹಲವು ಸಲ ಹಾಕಬಹುದು. ಪ್ರತಿ ಸದಸ್ಯರಿಗೂ ಬೇರೆ ಬೇರೆ ಲಿಂಕ್ ಕಳಿಸಿ, ಗುಟ್ಟಾಗಿ ಎಣಿಸುವ ಚುನಾವಣಾ ಸೇವೆಗಳಿವೆ. ಹೀಲಿಯೋಸ್ (Helios) ಅನ್ನೋದು ಉಚಿತ, ನಮ್ಮ ಓಟು ಸೇರಿದೆಯಾ ಅಂತ ನಾವೇ ನೋಡಿಕೊಳ್ಳಬಹುದು. ಯಾವುದನ್ನೇ ಬಳಸಿ, ‘ಆನ್‌ಲೈನ್ ಮತ ನಡೆಯುತ್ತೆ’ ಅಂತ ಬೈಲಾದಲ್ಲಿ ಇದೆಯಾ ನೋಡಿ. ಇಲ್ಲದಿದ್ದರೆ ಸೋತವರು ಮೊದಲು ಎತ್ತುವ ತಕರಾರು ಅದೇ.

ಕಾನೂನು ಜಾಸ್ತಿ ಏನಿಲ್ಲ. ಇಲ್ಲಿನ ಇಂಥ ಸಂಘಗಳು ಸಾಮಾನ್ಯವಾಗಿ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960ರ ಕೆಳಗೆ ಬರುತ್ತವೆ. ವರ್ಷಕ್ಕೊಮ್ಮೆ ಸರ್ವಸದಸ್ಯರ ಸಭೆ ಆಗಬೇಕು. ಆಮೇಲೆ ಹೊಸ ಸಮಿತಿಯ ಪಟ್ಟಿ, ಆಡಿಟ್ ಆದ ಲೆಕ್ಕಪತ್ರ ನೋಂದಣಾಧಿಕಾರಿಗೆ ಹೋಗಬೇಕು. ಬೈಲಾ ತಿದ್ದಿದರೆ ಅದೂ ಹೋಗಬೇಕು. ನಿಮ್ಮಲ್ಲಿ ಒಂಬತ್ತು ವರ್ಷದ್ದು ಸಲ್ಲಿಕೆ ಆಗಿದೆಯಾ ಅಂತ ಚುನಾವಣೆಗೆ ಮುಂಚೆಯೇ ಕೇಳಿ. ಗೆದ್ದ ಮೇಲೆ ಗೊತ್ತಾದರೆ ಹೊಸಬರು ಮೊದಲ ವರ್ಷ ಪೂರ್ತಿ ಹಳೇ ಕಾಗದ ಹುಡುಕುತ್ತಾ ಕೂರಬೇಕು. ಹಾಲಿ ಸಮಿತಿ ಏನೂ ಕೊಡಲ್ಲ ಅಂತ ಕೂತರೆ, ಮೂರನೇ ಒಂದು ಭಾಗ ಸದಸ್ಯರು ಸಹಿ ಹಾಕಿ ಕೊಟ್ಟ ಅರ್ಜಿಯ ಮೇಲೆ ನೋಂದಣಾಧಿಕಾರಿ ವಿಚಾರಣೆ ಮಾಡಲೇಬೇಕು, 25ನೇ ಸೆಕ್ಷನ್. ಆದರೆ ಅದು ಕೊನೇ ಅಸ್ತ್ರ. ಅಲ್ಲಿಗೆ ಹೋದರೆ ಒಂದೇ ಕ್ಯಾಂಟೀನಲ್ಲಿ ಟೀ ಹಂಚಿಕೊಂಡವರು ಮಾತು ಬಿಡುತ್ತಾರೆ.

ಕಾಲೇಜಿನವರು ಈಗ ತಾವೇ ಅವಸರ ಮಾಡುತ್ತಿದ್ದಾರೆ ಅಂತ ಬರೆದಿದ್ದೀರಿ. ನ್ಯಾಕ್ ಪರಿಶೀಲನೆ ಹತ್ತಿರ ಬಂದಿರಬೇಕು! ನಮ್ಮ ನಾಗರಬಾವಿಯಲ್ಲೇ ಕಚೇರಿ ಇರುವ ಆ ಸಂಸ್ಥೆ ಕಾಲೇಜುಗಳ ಗುಣಮಟ್ಟ ಅಳೆಯುವಾಗ, ನೋಂದಣಿಯಾದ ಹಳೆ ವಿದ್ಯಾರ್ಥಿಗಳ ಸಂಘ ಇದೆಯಾ, ಅದರಿಂದ ಕಾಲೇಜಿಗೆ ಏನು ಬಂತು ಅಂತಲೂ ನೋಡುತ್ತದೆ. ಆ ಅವಸರವನ್ನು ಬಳಸಿಕೊಳ್ಳಿ. ಹಾಲ್, ಹಳೇ ದಾಖಲಾತಿ ಪಟ್ಟಿ, ಒಬ್ಬ ಗುಮಾಸ್ತರ ಸಹಾಯ ಕೇಳಿ, ಕೊಡುತ್ತಾರೆ. ಆದರೆ ಪ್ರಿನ್ಸಿಪಾಲರನ್ನು ಚುನಾವಣಾಧಿಕಾರಿ ಮಾಡಬೇಡಿ. ಸೋತವರು ಕಾಲೇಜಿನ ಮೇಲೇ ಮುನಿಸಿಕೊಳ್ಳುತ್ತಾರೆ.

ಇನ್ನು ನಿಮ್ಮ ಹಳೇ ಅಧ್ಯಕ್ಷರು. ಅವರನ್ನು ವಿಲನ್ ಮಾಡಬೇಡಿ. ನಮ್ಮ ಅಧ್ಯಕ್ಷರಿಗೆ ಹೇಳೋಕೆ ಎಲ್ಲರೂ ಹೆದರಿದ್ದೆವು. ಕೊನೆಗೆ ಜಯನಗರದ ಅವರ ಮನೆಗೆ ನಾವಿಬ್ಬರು ಹೋದೆವು. ಈ ಸಲ ನಾಮಪತ್ರ ಕರೆಯುತ್ತೇವೆ, ಸಾರ್ ನೀವು ನಿಲ್ಲದೆ ಇದ್ದರೆ ಒಳ್ಳೇದು ಅಂತ ನಾನು ನೆಲ ನೋಡಿಕೊಂಡೇ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಒಳಗೆ ಕೂಗಿ, ‘ಕೇಳಿಸ್ತಾ? ಇನ್ನು ಭಾನುವಾರ ನಾನು ಮನೇಲೇ ಇರ್ತೀನಂತೆ’ ಅಂದರು. ಒಳಗಿಂದ ಅವರ ಹೆಂಡತಿ, ‘ದೇವರು ದೊಡ್ಡವನು’ ಅಂದರು. ಆರು ವರ್ಷದಿಂದ ಆ ಮನುಷ್ಯ ಬಿಡೋಕೆ ಕಾಯುತ್ತಿದ್ದರಂತೆ. ತಗೊಳ್ಳೋಕೆ ಯಾರೂ ಬಂದಿರಲಿಲ್ಲ.

ಹೊರಡುವಾಗ ಅವರು ಒಂದು ಕೀ ಗೊಂಚಲು ಕೊಟ್ಟರು, ಕಾಲೇಜಿನಲ್ಲಿದ್ದ ಸಂಘದ ಸ್ಟೀಲ್ ಬೀರುವಿನದು. ತೆಗೆದು ನೋಡಿದರೆ ಹಂಚದೆ ಉಳಿದ ಸ್ಮರಣಿಕೆಗಳು, ಎರಡು ರಬ್ಬರ್ ಸ್ಟಾಂಪ್, ಒಣಗಿದ ಇಂಕ್ ಪ್ಯಾಡ್. ನೋಂದಣಿಯ ಮೂಲ ಪತ್ರ ಮಾತ್ರ ಇರಲಿಲ್ಲ. ಅದು ಮೊದಲ ಕಾರ್ಯದರ್ಶಿಯ ಮನೆಯ ಅಟ್ಟದಲ್ಲಿ, ಮಗಳ ಮದುವೆ ಆಲ್ಬಮ್ಮಿನ ಕೆಳಗೆ ಸಿಕ್ಕಿತು. ನಿಮ್ಮದು ಎಲ್ಲಿದೆ ಅಂತ ನಾಳೆಯೇ ಒಂದು ಫೋನ್ ಮಾಡಿ ಕೇಳಿ.