ಗಾಡಿಯೊಳಗಿನ ಬಚ್ಚಲು: ಜಾಗಕ್ಕಿಂತ ಮೊದಲು ಇಳಿಜಾರು ನೋಡಿ

ಹಳೇ ಟೆಂಪೋ ಟ್ರಾವೆಲರ್‌ನ ಮೂರಡಿ ಜಾಗದಲ್ಲಿ ಸ್ನಾನ, ಶೌಚ ಎರಡಕ್ಕೂ ಅನುಕೂಲ ಮಾಡಬಹುದಾ, ಕೊಡಗಿನ ಮಳೆಗಾಲಕ್ಕೆ ಅದು ತಡೆಯುತ್ತದಾ ಅಂತ ಕೇಳಿದ್ದೀರಿ. ಖಂಡಿತ ಮಾಡಬಹುದು. ವಿರಾಜಪೇಟೆಯಲ್ಲಿ ನನ್ನ ಗಾಡಿಗೆ ನಾನೇ ಮಾಡಿಕೊಂಡ ಬಚ್ಚಲು ಎರಡೂವರೆ ಅಡಿಗೆ ಮೂರಡಿ. ಸ್ನಾನ ಮಾಡುವಾಗ ಕಮೋಡನ್ನು ಎತ್ತಿ ಹೊರಗಿಡುತ್ತೇವೆ, ಅಷ್ಟೇ.

ನಿಜವಾದ ತೊಂದರೆ ಇರುವುದು ಇಳಿಜಾರಿನಲ್ಲಿ. ನಮ್ಮ ಕಡೆ ಗಾಡಿ ಸಮತಟ್ಟಾಗಿ ನಿಲ್ಲುವ ಜಾಗ ಸಿಗುವುದೇ ಕಷ್ಟ ಅಲ್ವಾ? ಮೊದಲ ಸಲ ನಾನು ಮನೆಯ ಬಚ್ಚಲಿನ ಹಾಗೆ ಹಿಂದಿನ ಮೂಲೆಯಲ್ಲಿ ಒಂದೇ ತೂತು ಇಟ್ಟಿದ್ದೆ. ಗಾಳಿಬೀಡಿನ ಹತ್ತಿರ ಒಂದು ತೋಟದಲ್ಲಿ ಗಾಡಿಯ ಮೂತಿ ಕೆಳಗಾಗಿ ನಿಂತಿತ್ತು. ಮಿಂದ ನೀರೆಲ್ಲ ಮುಂದಕ್ಕೆ ಬಂದು, ಒಂದಿಂಚಿನ ಹೊಸ್ತಿಲು ದಾಟಿ ನೆಲದಡಿಗೆ ಇಳಿಯಿತು. ಒಣಗಿರಬಹುದು ಅಂದುಕೊಂಡೆ. ಜುಲೈಯಲ್ಲಿ ನೆಲ ಕಿತ್ತು ನೋಡಿದರೆ ಪ್ಲೈವುಡ್ ಪದರ ಪದರವಾಗಿ ಬಿಟ್ಟುಕೊಂಡಿತ್ತು, ತುಂಬ ಬೂಸ್ಟು. ಎರಡು ತಿಂಗಳ ಕೆಲಸ ಹಾಳಾಯಿತು. ಬಹಳ ಬೇಜಾರಾಯಿತು.

ಈಗ ಮುಂದಿನ ಎಡಮೂಲೆಗೊಂದು, ಹಿಂದಿನ ಬಲಮೂಲೆಗೊಂದು ತೂತು ಇದೆ. ಎರಡೂ ಪೈಪ್ ಗಾಡಿಯಡಿಯ ಟ್ಯಾಂಕಿಗೆ ಸೇರುತ್ತವೆ. ಹೊಸ್ತಿಲು ನಾಲ್ಕು ಇಂಚು. ಟ್ಯಾಂಕ್ ಪೂರ್ತಿ ತುಂಬಲು ಬಿಡಬೇಡಿ, ತಗ್ಗಿನ ತೂತಿನಿಂದ ಕೊಳೆನೀರು ವಾಪಸ್ ಬರುತ್ತದೆ. ವಾಸನೆ ತಡೆಯಲು ಮನೆಯ ಟ್ರ್ಯಾಪ್, ಅಂದರೆ ಸ್ವಲ್ಪ ನೀರು ನಿಂತು ವಾಸನೆ ತಡೆಯುವ ಬಾಗಿದ ಪೈಪ್, ಇಲ್ಲಿ ಸಾಲದು. ಸಂಪಾಜೆ ಘಾಟಿಯ ತಿರುವುಗಳಲ್ಲಿ ಅದರೊಳಗಿನ ನೀರು ಕುಲುಕಿ ಹೋಗುತ್ತದೆ. ನೀರು ಬಿದ್ದಾಗ ಮಾತ್ರ ತೆರೆಯುವ ರಬ್ಬರ್ ಮುಚ್ಚಳದ ಟ್ರ್ಯಾಪ್ ಹಾಕಿ.

ಟೈಲ್ಸ್ ಬೇಡ. ಭಾರವೂ ಜಾಸ್ತಿ, ಗಾಡಿ ಅಲುಗಾಡಿದಾಗ ಸಂದಿಯೂ ಬಿರುಕು ಬಿಡುತ್ತದೆ. ಗೋಡೆ, ನೆಲಕ್ಕೆ ಸೇರಿಸಿ ಫೈಬರ್‌ಗ್ಲಾಸ್ ಮಾಡಿಸಿ.

ಶೌಚಕ್ಕೆ ನಾನು ನೀರು ಬಳಸದ ಕಮೋಡ್ ಇಟ್ಟಿದ್ದೇನೆ. ಮೂತ್ರ ಬೇರೆ ಕ್ಯಾನಿಗೆ ಹೋಗುತ್ತದೆ, ಮಲದ ಮೇಲೆ ಮರದ ಹೊಟ್ಟು ಹಾಕುತ್ತೇವೆ. ಹೊಟ್ಟು ಸಾಮಿಲ್‌ನಲ್ಲಿ ಸಿಗುತ್ತದೆ. ಮಳೆಗಾಲದಲ್ಲಿ ಅದನ್ನು ಮುಚ್ಚಳದ ಡಬ್ಬದಲ್ಲಿಡಿ, ತೇವ ಹಿಡಿದರೆ ವಾಸನೆ ತಡೆಯುವುದಿಲ್ಲ. ಖಾಲಿ ಮಾಡುವುದು ಮಾತ್ರ ತೋಡಿನ ಹತ್ತಿರ ಬೇಡವೇ ಬೇಡ. ಆ ನೀರು ಕೆಳಗೆ ಯಾರದೋ ಗದ್ದೆಗೆ, ಬಾವಿಗೆ ಹೋಗುತ್ತದೆ. ನಾನು ಮನೆಗೆ ತಂದು ಗುಂಡಿಗೆ ಹಾಕಿ, ಒಂದು ವರ್ಷ ಮುಟ್ಟುವುದಿಲ್ಲ.

ಹಂಡೆಯ ಬಿಸಿನೀರು ಮಿಂದು ಅಭ್ಯಾಸವಾದವರಿಗೆ ಗ್ಯಾಸ್ ಗೀಸರ್ ಹಾಕೋಣ ಅನಿಸುತ್ತದೆ. ದಯವಿಟ್ಟು ಹಾಕಬೇಡಿ. ಇಷ್ಟು ಚಿಕ್ಕ ಜಾಗದಲ್ಲಿ ಕಾರ್ಬನ್ ಮೊನಾಕ್ಸೈಡ್ ತುಂಬಿಕೊಂಡರೆ ವಾಸನೆಯಿಂದ ಗೊತ್ತಾಗುವುದಿಲ್ಲ, ಜೀವವೇ ಹೋಗುತ್ತದೆ. ಕಿಟಕಿ ತೆರೆದು ಒಲೆಯ ಮೇಲೆ ಮೂರು ಲೀಟರ್ ಕುದಿಸಿ, ಬಕೆಟ್‌ನಲ್ಲಿ ಬೆರೆಸಿಕೊಳ್ಳಿ. ಚೊಂಬಿನಲ್ಲಿ ಮಿಂದರೆ ಒಬ್ಬರಿಗೆ ಹತ್ತು ಲೀಟರ್ ಸಾಕು. 40 ಲೀಟರ್ ನೀರು ಅಂದರೆ 40 ಕಿಲೋ ಭಾರ, ಟ್ಯಾಂಕನ್ನು ಆದಷ್ಟು ತಗ್ಗಿನಲ್ಲಿಡಿ.

ಮಳೆಗಾಲದಲ್ಲಿ ಹೊರಗಿನ ಗಾಳಿಯೇ ಒದ್ದೆ. ಬರೀ ಫ್ಯಾನ್ ನಂಬಿಕೊಂಡರೆ ಒಣಗುವುದಿಲ್ಲ. ಮಿಂದ ಕೂಡಲೇ ಗೋಡೆಯನ್ನು ಬಟ್ಟೆಯಿಂದ ಒರೆಸಿ, ಆಮೇಲೆ 12 ವೋಲ್ಟ್ ಎಕ್ಸಾಸ್ಟ್ ಹಾಕಿ.

ನೆಲ ಕೊರೆಯುವ ಮೊದಲು ಆರ್‌ಟಿಒ ಕಚೇರಿಗೆ ಹೋಗಿ ಬನ್ನಿ. ಗಾಡಿಯ ಬದಲಾವಣೆಗೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಅನ್ವಯಿಸುತ್ತದೆ. ಕೆಲಸ ಮುಗಿದ ಮೇಲೆ ತೂತು ಮುಚ್ಚಿ, ಎರಡು ಬಕೆಟ್ ನೀರು ಸುರಿದು, ಬಚ್ಚಲಿನ ಕೆಳಗೆ ಹಳೇ ಪೇಪರ್ ಹಾಸಿ ರಾತ್ರಿಯಿಡೀ ಬಿಡಿ. ಒಂದು ದಿನ ಮೂತಿ ಕೆಳಗೆ, ಇನ್ನೊಂದು ದಿನ ಮೂತಿ ಮೇಲೆ ಮಾಡಿ ನಿಲ್ಲಿಸಿ. ಎರಡು ಬೆಳಿಗ್ಗೆಯೂ ಪೇಪರ್ ಒಣಗಿದ್ದರೆ ಮಾತ್ರ ಬಾಗಿಲು ಜೋಡಿಸಿ.