ಮೀನು ಘಟಕದ ಕೊಳಚೆ ನೀರು: ಇನ್ನೊಂದು ಟ್ಯಾಂಕ್ ಬೇಕೇ?

ಪ್ರಶ್ನೆ: ಕಾರವಾರದ ಸಮೀಪ ನಮ್ಮದೊಂದು ಚಿಕ್ಕ ಮೀನು ಸಂಸ್ಕರಣಾ ಘಟಕವಿದೆ. ಬಂಗಡೆ, ತಾರ್ಲೆ, ಸೀಗಡಿಗಳನ್ನು ಸ್ವಚ್ಛಗೊಳಿಸಿ ಐಸ್ ಹಾಕಿ ಕಳಿಸುತ್ತೇವೆ. ಬೇಸಿಗೆಯಲ್ಲಿ ಬಾವಿಯ ನೀರು ಸಾಲದೆ ನೆಲ ತೊಳೆಯಲು ಸಮುದ್ರದ ನೀರನ್ನು ಬಳಸುತ್ತೇವೆ. ಕೊಳಚೆ ಟ್ಯಾಂಕಿನಿಂದ ಕೊಳೆತ ಮೊಟ್ಟೆಯ ವಾಸನೆ ಬರುತ್ತಿದೆಯೆಂದು ನೆರೆಯವರ ದೂರು. ಇನ್ನೊಂದು ಟ್ಯಾಂಕ್ ಕಟ್ಟಿಸಿದರೆ ಸರಿಹೋದೀತೇ?

ಉತ್ತರ: ಈಗಲೇ ಕಟ್ಟಿಸಬೇಡಿ. ನಿಮ್ಮ ತೊಂದರೆಯ ಮೂಲ ಟ್ಯಾಂಕಿನ ಅಳತೆಯಲ್ಲಿಲ್ಲ, ಅದರೊಳಗೆ ಸೇರುತ್ತಿರುವ ವಸ್ತುಗಳಲ್ಲಿದೆ. ಸಮುದ್ರದ ನೀರಿನಲ್ಲಿ ಲೀಟರಿಗೆ ಎರಡೂವರೆ ಗ್ರಾಮಿಗೂ ಹೆಚ್ಚು ಸಲ್ಫೇಟ್ ಇರುತ್ತದೆ. ಮೀನಿನ ರಕ್ತ, ಕರುಳುಗಳು ಕೊಳೆತು ಟ್ಯಾಂಕಿನ ಆಮ್ಲಜನಕವೆಲ್ಲ ಮುಗಿದಾಗ, ಒಂದು ಬಗೆಯ ಬ್ಯಾಕ್ಟೀರಿಯಾಗಳು ಆ ಸಲ್ಫೇಟನ್ನು ಹೈಡ್ರೋಜನ್ ಸಲ್ಫೈಡ್ ಅನಿಲವಾಗಿ ಮಾರ್ಪಡಿಸುತ್ತವೆ. ನೆರೆಯವರ ಮೂಗಿಗೆ ಬಡಿಯುತ್ತಿರುವುದು ಅದೇ. ಅದು ಪ್ರಾಣಾಪಾಯದ ಅನಿಲವೂ ಹೌದು. ಹೂಳು ತೆಗೆಯಲೆಂದು ಕೆಲಸದವರನ್ನು ದಯವಿಟ್ಟು ಎಂದಿಗೂ ಟ್ಯಾಂಕಿನೊಳಗೆ ಇಳಿಸಬೇಡಿ.

ತಲೆ, ಕರುಳು, ಸೀಗಡಿ ಸಿಪ್ಪೆಗಳನ್ನು ಪೈಪಿನ ನೀರಿನಿಂದ ಚರಂಡಿಗೆ ತಳ್ಳುವ ರೂಢಿಯನ್ನು ಮೊದಲು ಬಿಡಿಸಿ. ನೆಲವನ್ನು ಒಣಗಿದ್ದಾಗಲೇ ಬಳಿದು ತೆಗೆದು, ತ್ಯಾಜ್ಯವನ್ನು ಮುಚ್ಚಳವಿರುವ ಡಬ್ಬಿಗಳಲ್ಲಿ ತುಂಬಿ, ಅಂದಂದೇ ಮೀನಿನ ಹಿಟ್ಟು ಅಥವಾ ಗೊಬ್ಬರ ತಯಾರಿಸುವವರಿಗೆ ಕೊಟ್ಟರೆ ತೊಳೆಯುವ ನೀರೂ ಉಳಿಯುತ್ತದೆ, ಕೊಳೆಯ ಭಾರವೂ ಬಹಳಷ್ಟು ಇಳಿಯುತ್ತದೆ. ಪೈಪಿನ ತುದಿಗೆ ಕೈಬಿಟ್ಟೊಡನೆ ನೀರು ನಿಲ್ಲುವ ನಳಿಕೆಯನ್ನೂ, ಪ್ರತಿ ವಿಭಾಗಕ್ಕೊಂದು ಮೀಟರನ್ನೂ ಹಾಕಿಸಿ. ಇಷ್ಟಾದರೆ ಸಮುದ್ರದ ನೀರಿನ ಅಗತ್ಯವೇ ಕಡಿಮೆಯಾಗುತ್ತದೆ.

ಉಳಿದ ಕೊಳಚೆ ನೀರು ಜಾಲರಿ, ಜಿಡ್ಡು ಹಿಡಿಯುವ ತೊಟ್ಟಿಗಳನ್ನು ದಾಟಿದ ಮೇಲೆಯೇ ಗಾಳಿ ಊದುವ ಟ್ಯಾಂಕಿಗೆ ಹೋಗಬೇಕು. ವಿದ್ಯುತ್ ಬಿಲ್ಲಿಗೆ ಅಂಜಿ ರಾತ್ರಿ ಬ್ಲೋವರ್ ನಿಲ್ಲಿಸುವುದು ತಪ್ಪು; ಅಲ್ಲಿ ಲೀಟರಿಗೆ ಸುಮಾರು 2 ಮಿಲಿಗ್ರಾಂ ಆಮ್ಲಜನಕ ಸದಾ ಕರಗಿರಬೇಕು. ಬ್ಲೀಚಿಂಗ್ ಪುಡಿಯ ನೀರು ಒಮ್ಮೆಲೇ ನುಗ್ಗಿದರೂ ಕೊಳೆ ತಿನ್ನುವ ಸೂಕ್ಷ್ಮಜೀವಿಗಳು ಸಾಯುತ್ತವೆ.

ನಮ್ಮ ಕರಾವಳಿಗೆ ಇನ್ನೊಂದು ತೊಡಕಿದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುವುದರಿಂದ ಮೀನು ಬಾರದೆ ಆ ಸೂಕ್ಷ್ಮಜೀವಿಗಳು ಉಪವಾಸ ಬೀಳುತ್ತವೆ. ಆಗಸ್ಟಿನಲ್ಲಿ ಒಮ್ಮೆಲೇ ಪೂರ್ತಿ ಭಾರ ಹೇರದೆ, ಸೆಗಣಿ ಬಗ್ಗಡವನ್ನೋ ಚೆನ್ನಾಗಿ ನಡೆಯುತ್ತಿರುವ ಘಟಕವೊಂದರ ಕೆಸರನ್ನೋ ಬೆರೆಸಿ ನಿಧಾನವಾಗಿ ಎಬ್ಬಿಸಿ. ಮಳೆನೀರಿನ ಚರಂಡಿ ಸಂಪೂರ್ಣ ಬೇರೆಯೇ ಇರಲಿ.

ಇಂಗುಗುಂಡಿಯ ಸಲಹೆಯನ್ನು ಯಾರಾದರೂ ಕೊಟ್ಟರೆ ಒಪ್ಪಬೇಡಿ. ಮರಳು ನೆಲದಲ್ಲಿ ಆ ಕೊಳೆ ನೆರೆಯವರ ಬಾವಿಯನ್ನು ಬೇಗನೆ ಸೇರುತ್ತದೆ. ಸಾಮಾನ್ಯ ಮಾನದಂಡದಂತೆ ಸಂಸ್ಕರಿಸಿದ ನೀರಿನ ಬಿಒಡಿ (ಅದರಲ್ಲಿ ಉಳಿದ ಕೊಳೆಯನ್ನು ತಿನ್ನಲು ಸೂಕ್ಷ್ಮಜೀವಿಗಳಿಗೆ ಬೇಕಾಗುವ ಆಮ್ಲಜನಕದ ಪ್ರಮಾಣ) ಹೊಳೆಗೆ ಬಿಡುವುದಾದರೆ ಲೀಟರಿಗೆ 30 ಮಿಲಿಗ್ರಾಂ, ತೋಟಕ್ಕಾದರೆ 100 ಮಿಲಿಗ್ರಾಂ ಮೀರಬಾರದು. ಆದರೆ ಮಾಲಿನ್ಯ ನಿಯಂತ್ರಣ ಮಂಡಳಿ ನಿಮಗೆ ಕೊಟ್ಟ ಸಮ್ಮತಿ ಪತ್ರದಲ್ಲಿರುವ ಮಿತಿಯೇ ನಿಮಗೆ ಅನ್ವಯಿಸುವುದರಿಂದ, ಟ್ಯಾಂಕಿನ ಮಾತೆತ್ತುವ ಮುನ್ನ ಈ ಬದಲಾವಣೆಗಳನ್ನು ಮಾಡಿ, ನೀರನ್ನು ಪರೀಕ್ಷೆಗೆ ಕಳಿಸಿ, ಫಲಿತಾಂಶವನ್ನು ಆ ಮಿತಿಯೊಡನೆ ಹೋಲಿಸಿ ನೋಡಿ.